ಹುಸಿಮದ್ದು ಪಡೆದವರ ಋಣ

ಅಂಗಿಯ ಗುಂಡಿ ಹಾಕುವುದು, ನೀರಿನ ತಂಬಿಗೆ ಎತ್ತುವುದು ಕೂಡ ಸಾಹಸವಾಗಬಲ್ಲದೆಂಬುದನ್ನು ಸಂಧಿವಾತದ ರೋಗಿಗಳು ಬಲ್ಲರು. ಸಂಧಿವಾತದಲ್ಲಿ ಹಲವು ಬಗೆ. ನಾನಿಂದು ಹೇಳಹೊರಟಿರುವುದು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಬಗೆಯನ್ನು ಕುರಿತು. ಮೈಯನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಇಲ್ಲಿ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಈ ಉರಿಯನ್ನು ಊದುವ ದ್ರವ್ಯ ಯಾವುದೆಂದು ಲಂಡನ್ನಿನ ಕೆನೆಡಿ ಸಂಸ್ಥೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿ ಹುಡುಕಿದರು. ಟಿಎನ್‌ಎಫ್ ಎಂಬ ಪ್ರೋಟೀನಿನ ಮೇಲೆ ಅವರ ಸಂಶಯ ನೆಟ್ಟಿತು. ಅದನ್ನು ಕಟ್ಟಿಹಾಕುವ ಪ್ರತಿಕಾಯವೊಂದನ್ನು, ಇಲಿಯ ಮತ್ತು ಮನುಷ್ಯನ ಅಂಶಗಳನ್ನು ಬೆಸೆದು ಮಾಡಿದ್ದನ್ನು, 1992ರಲ್ಲಿ ರೋಗಿಗಳಿಗೆ ಕೊಡಲಾರಂಭಿಸಿದರು. ಮೊದಲ 20 ಮಂದಿಯಲ್ಲಿ ನೋವು, ಬಾವು ಬೇಗನೆ ಇಳಿದವು.

ಸಂತೋಷದ ಸುದ್ದಿಯೇ ಸರಿ. ಆದರೆ ಸಂತೋಷವನ್ನು ಸಾಕ್ಷ್ಯವೆನ್ನಲಾಗದು. ಈ ರೋಗ ತಾನಾಗಿಯೇ ಏರಿ ಇಳಿಯುವಂಥದು. ವೈದ್ಯನ ಮೇಲಣ ನಂಬಿಕೆಯೂ ನೋವನ್ನು ಮರೆಸಬಲ್ಲದು. ಆದ್ದರಿಂದ 73 ರೋಗಿಗಳನ್ನು, ಚೀಟಿ ಎತ್ತಿದಂತೆ, ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಪ್ರತಿಕಾಯ. ಒಂದಕ್ಕೆ ಮದ್ದಿಲ್ಲದ ದ್ರಾವಣ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯನಿಗೂ ತಿಳಿಯದು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳ ಕೊನೆಗೆ, ಹೆಚ್ಚು ಪ್ರಮಾಣದ ಮದ್ದು ಪಡೆದ 24 ಮಂದಿಯಲ್ಲಿ 19 ಜನ ಗೊತ್ತುಪಡಿಸಿದ ಮಟ್ಟಕ್ಕೆ ಸುಧಾರಿಸಿದ್ದರು. ಕಡಿಮೆ ಪ್ರಮಾಣ ಪಡೆದ 25 ಮಂದಿಯಲ್ಲಿ 11 ಜನ. ಹುಸಿಮದ್ದಿನ 24 ಮಂದಿಯಲ್ಲಿ ಇಬ್ಬರೇ.

ನನ್ನ ಮನಸ್ಸು ನಿಲ್ಲುವುದು ಈ ಕೊನೆಯ 24 ಮಂದಿಯ ಬಳಿ. ನರಳುವವರಿಗೆ ಹುಸಿಮದ್ದು ಕೊಡುವುದು ನ್ಯಾಯವೆ ಎಂದು ಕೇಳುಗರು ಪ್ರಶ್ನಿಸಬಹುದು. ಮುಚ್ಚಿಟ್ಟು ಕೊಟ್ಟರೆ ಅದು ವಂಚನೆ. ಹೀಗೂ ಆಗಬಹುದೆಂದು ಮುಂಚಿತವಾಗಿ ತಿಳಿಸಿ, ಒಪ್ಪಿಗೆ ಪಡೆದು ಕೊಟ್ಟರೆ, ರೋಗಿಯೂ ಶೋಧನೆಯ ಪಾಲುಗಾರನಾಗುತ್ತಾನೆ. ಅವರು ನೋವು ಸಹಿಸಿ ಕಾಯದಿದ್ದರೆ 19 ಎಂಬ ಅಂಕಿಗೆ ಅರ್ಥವೇ ಇರುತ್ತಿರಲಿಲ್ಲ.

ಪರೀಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೆಸರಿನಿಂದ ಮದ್ದು ಬಳಕೆಗೆ ಬಂದ ಮೇಲೆ, ಮೈಯಲ್ಲಿ ಮಲಗಿದ್ದ ಕ್ಷಯರೋಗ ಕೆಲವರಲ್ಲಿ ಎಚ್ಚೆತ್ತುದು 2001ರಲ್ಲಿ ಬೆಳಕಿಗೆ ಬಂತು. ಕೀಲುಗಳಲ್ಲಿ ಉರಿ ಎಬ್ಬಿಸುವ ಟಿಎನ್‌ಎಫ್, ಕ್ಷಯದ ಅಣುಜೀವಿಗಳನ್ನು ಸೆರೆಯಲ್ಲಿಡುವ ಕಾವಲುಗಾರನೂ ಹೌದು. ಆದಕಾರಣ ಇಂದು ಈ ಮದ್ದಿಗೆ ಮುನ್ನ ಕ್ಷಯದ ಸುಳಿವಿದೆಯೇ ಎಂದು ನೋಡುತ್ತಾರೆ. ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಎಚ್ಚರ ಎಷ್ಟಿದ್ದರೂ ಕಡಿಮೆಯೇ.

ಹೊಸ ಮದ್ದಿನ ಹಿರಿಮೆಯನ್ನು ಹೊಗಳುವಾಗ ನಾವು ವಿಜ್ಞಾನಿಗಳನ್ನು ನೆನೆಯುತ್ತೇವೆ, ಅದು ಯುಕ್ತವೇ. ಜೊತೆಗೆ, ಹೆಸರು ಹೊರಬಾರದ ಆ 24 ಮಂದಿಯನ್ನೂ ನೆನೆಯೋಣ.