ವ್ಯಾನಲ್ಲಿ ನಾಯಿ ಜೊತೆ ಮಲಗೋದು: ರೀಲ್ಸ್‌ನಲ್ಲಿ ಕಾಣದ ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ)

ಇವತ್ತು ನೀವು ತುಂಬಾ ದಿನದಿಂದ ಕೇಳ್ತಿದ್ದ ವಿಷಯ. ವ್ಯಾನು, ನಾನು, ಮತ್ತೆ ಚಕ್ಕುಲಿ.

ಹೊಸಬರಿಗೆ ಹೇಳ್ಬಿಡ್ತೀನಿ, ಚಕ್ಕುಲಿ ನನ್ನ ನಾಯಿ. ಬೀದಿಯಿಂದ ಬಂದವಳು, ಆರು ವರ್ಷ, ಬಾಲ ಸುತ್ತಿಕೊಂಡಿರೋದಕ್ಕೆ ಆ ಹೆಸರು. ಎರಡು ವರ್ಷದಲ್ಲಿ ನಾವಿಬ್ಬರೂ ವ್ಯಾನಲ್ಲಿ ಹನ್ನೊಂದು ಟ್ರಿಪ್ ಮಾಡಿದ್ದೀವಿ. ಅದರ ವಿಡಿಯೋ ಹಾಕಿದಾಗೆಲ್ಲಾ "ಅಕ್ಕಾ, ಲೈಫ್ ಅಂದ್ರೆ ಇದು" ಅಂತ ಕಾಮೆಂಟ್ ಬರುತ್ತೆ. ಖುಷಿಯಾಗುತ್ತೆ. ಆದರೆ ಹೋದ ವಾರ ಬಂದ ಒಂದು ಮೆಸೇಜ್ ಬೇರೆ ಥರ ಇತ್ತು.

ದಾವಣಗೆರೆ ಕಡೆ ಹುಡುಗ, ಬೆಂಗಳೂರಲ್ಲಿ ಕೆಲಸ. ಹೆಸರು ಹೇಳದೆ ಓದಬಹುದು ಅಂತ ಒಪ್ಪಿಗೆ ಕೊಟ್ಟಿದ್ದಾನೆ. ಮನೆ ಓನರ್ರು "ನಾಯಿ ಕಳಿಸಿ, ಇಲ್ಲಾ ಮನೆ ಖಾಲಿ ಮಾಡಿ" ಅಂದಿದ್ದಾರೆ. ಒಂದು ತಿಂಗಳು ಟೈಮ್. ಅವನು ಕೇಳಿದ್ದು ಇಷ್ಟು: "ಅಡ್ವಾನ್ಸ್ ದುಡ್ಡು ವಾಪಸ್ ಬರುತ್ತೆ, ಸ್ವಲ್ಪ ಸಾಲ ಮಾಡಿ ನಿಮ್ಮ ಥರ ಒಂದು ವ್ಯಾನ್ ತಗೊಂಡು ಅದರಲ್ಲೇ ಇದ್ದುಬಿಡ್ಲಾ? ವರ್ಕ್ ಫ್ರಮ್ ಹೋಮ್ ಇದೆ."

ಇದಕ್ಕೆ ಒಂದು ಹಾರ್ಟ್ ಎಮೋಜಿ ಹಾಕಿ ಸುಮ್ಮನಾಗೋಕೆ ಆಗಲ್ಲ. ಅವನ ದುಡ್ಡಿದೆ, ಒಂದು ಜೀವ ಇದೆ. ಹಾಗಾಗಿ ಇವತ್ತು ಎಲ್ಲಾ ಬಿಚ್ಚಿ ಹೇಳ್ತೀನಿ.

ಮೊದಲು ದುಡ್ಡು

ನಾನು ಬಿ.ಕಾಂ. ಓದಿದವಳು, ಲೆಕ್ಕ ಬರೆಯೋ ಚಟ ಇನ್ನೂ ಹೋಗಿಲ್ಲ. ನನ್ನದು ಹಳೇ ಪೆಟ್ರೋಲ್ ವ್ಯಾನು, 2014ರ ಮಾಡೆಲ್. ಹಾಲಿನವರು, ತರಕಾರಿಯವರು ಓಡಿಸ್ತಾರಲ್ಲ, ಅಂಥದ್ದು. ಎಸಿ ಇಲ್ಲ. ಸೆಕೆಂಡ್ ಹ್ಯಾಂಡಲ್ಲಿ 1,65,000 ರೂಪಾಯಿ. ಪ್ಲೈವುಡ್ ಮಂಚ, ಹಾಸಿಗೆ, ಕಿಟಕಿಗೆ ಸೊಳ್ಳೆ ಬಲೆ, ಸಣ್ಣ ಫ್ಯಾನು, ಬ್ಯಾಟರಿ ಎಲ್ಲಾ ಸೇರಿ 22,000. ಒಟ್ಟು 1,87,000.

ಈಗ ಐದು ದಿನದ ಒಂದು ಟ್ರಿಪ್ ತಗೊಳ್ಳಿ. ನಾಲ್ಕು ರಾತ್ರಿ. ನಾಯಿ ಬಿಟ್ಟುಕೊಳ್ಳೋ ಹೋಮ್‌ಸ್ಟೇ ನನಗೆ ಸಿಕ್ಕಿರೋದು ರಾತ್ರಿಗೆ ಸುಮಾರು 2,500ಕ್ಕೆ. ಅಂದ್ರೆ 10,000. ವ್ಯಾನಲ್ಲಿ ಆದ್ರೆ ಒಂದು ರಾತ್ರಿ ಪೆಟ್ರೋಲ್ ಬಂಕಲ್ಲಿ ಪುಕ್ಕಟೆ, ಮೂರು ರಾತ್ರಿ ಯಾರದ್ದಾದ್ರೂ ಅಂಗಳದಲ್ಲಿ ನಿಲ್ಲಿಸಿ, ಬಾತ್‌ರೂಮ್‌ಗೂ ಸೇರಿ 300ರ ಹಾಗೆ 900. ಒಂದು ಟ್ರಿಪ್ಪಿಗೆ ಉಳಿಯೋದು 9,100. ಹನ್ನೊಂದು ಟ್ರಿಪ್ಪಿಗೆ 1,00,100.

ಆಹಾ ಅನ್ನಬೇಡಿ, ಇನ್ನೂ ಇದೆ. ಇನ್ಶೂರೆನ್ಸು, ಸರ್ವಿಸು, ಟೈರು ಅಂತ ವರ್ಷಕ್ಕೆ 25,000. ಎರಡು ವರ್ಷಕ್ಕೆ 50,000. ಕೈಯಲ್ಲಿ ಉಳಿದದ್ದು 50,100. ಹಾಕಿದ್ದು 1,87,000. ಜೊತೆಗೆ ಖಾಸಗಿ ಗಾಡಿಗೆ ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಬೇಕು, ನನ್ನದಕ್ಕೆ 2029ರಲ್ಲಿ ಬರುತ್ತೆ. ಅಷ್ಟರೊಳಗೆ ಹಾಕಿದ ದುಡ್ಡು ವಾಪಸ್ ಬರೋದು ಅನುಮಾನ. ಇದು ಲಾಭದ ಬಾಬ್ತಲ್ಲ, ಶೋಕಿ. ಶೋಕಿ ತಪ್ಪಲ್ಲ. ಸಾಲ ಮಾಡಿ ಶೋಕಿ ಮಾಡಬೇಡಿ ಅಷ್ಟೇ.

ಇನ್ನೊಂದು ಮಾತು, ಕಾನೂನು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಗಾಡಿನ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆ ಮಾಡೋ ಹಾಗಿಲ್ಲ. ಛಾವಣಿ ಕತ್ತರಿಸೋದು, ಗ್ಯಾಸ್ ಲೈನ್ ಎಳೆಯೋದು, ಸಿಂಕ್ ಕೂರಿಸೋದು ಇವೆಲ್ಲಾ ಆರ್‌ಟಿಓ ಹತ್ರ ಕೇಳದೆ ಮಾಡಬೇಡಿ. ನನ್ನ ಮಂಚಕ್ಕೆ ಒಂದು ಸ್ಕ್ರೂ ಕೂಡ ಬಾಡಿಗೆ ಹೊಡೆದಿಲ್ಲ. ಬೆಲ್ಟ್ ಹಾಕಿ ಬಿಗಿದಿರ್ತೀನಿ, ಊರಿಗೆ ಬಂದ ಮೇಲೆ ಇಳಿಸಿಡ್ತೀನಿ.

ರಾತ್ರಿ ಎಲ್ಲಿ ಮಲಗ್ತೀರಾ?

ಜಾಸ್ತಿ ಬರೋ ಪ್ರಶ್ನೆ ಇದೇ. ಹುಡುಗಿಯರಿಂದ ಇನ್ನೂ ಜಾಸ್ತಿ. ಬಹಳ ಜನ "ನಾಯಿ ಇದೆಯಲ್ಲ, ಭಯ ಯಾಕೆ" ಅಂತಾರೆ. ನೋಡಿ, ಚಕ್ಕುಲಿ ಬೊಗಳ್ತಾಳೆ, ಅಷ್ಟು ಮಾತ್ರ ಅವಳ ಕೆಲಸ. ಹದಿನೆಂಟು ಕೆ.ಜಿ. ನಾಯಿನ ನನ್ನ ಬಾಡಿಗಾರ್ಡ್ ಅಂತ ನಂಬ್ಕೊಂಡು ನಿರ್ಜನ ಜಾಗದಲ್ಲಿ ಗಾಡಿ ನಿಲ್ಲಿಸಿದ್ರೆ ಅದು ಅವಳಿಗೆ ಮಾಡೋ ಅನ್ಯಾಯ.

ನನ್ನ ನಿಯಮ ಸರಳ. ಕತ್ತಲಾಗೋ ಮುಂಚೆ ಜಾಗ ಗೊತ್ತಾಗಿರಬೇಕು. ಬೆಳಕಿರಬೇಕು, ಜನ ಇರಬೇಕು, ಕೇಳಿ ನಿಲ್ಲಿಸಬೇಕು. ಲಾರಿಯವರು ನಿಲ್ಲಿಸೋ ಢಾಬಾ, ರಾತ್ರಿಯಿಡೀ ತೆರೆದಿರೋ ಬಂಕು, ಗೊತ್ತಿರೋರ ಅಂಗಳ. ಗಾಡಿ ಮುಖ ಯಾವಾಗಲೂ ರಸ್ತೆ ಕಡೆ, ಕೀ ಕೈಗೆ ಸಿಗೋ ಹಾಗೆ. ಲೊಕೇಶನ್ ಅಮ್ಮನಿಗೆ ಲೈವ್ ಹೋಗ್ತಿರುತ್ತೆ. 112 ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೈಕೊಟ್ರೆ 1033, ಇದನ್ನೂ ಸೇವ್ ಮಾಡ್ಕೊಳ್ಳಿ.

ಒಂದ್ಸಲ ಅರಸೀಕೆರೆ ಹತ್ರ ರಾತ್ರಿ ಒಂದು ಗಂಟೆಗೆ ಬೀಟ್ ಪೊಲೀಸರು ಕಿಟಕಿ ತಟ್ಟಿದ್ರು. ಚಕ್ಕುಲಿ ಊರೇ ಎದ್ದೇಳೋ ಹಾಗೆ ಬೊಗಳಿದಳು. ಲೈಸೆನ್ಸು, ಆರ್‌ಸಿ ನೋಡಿದ್ರು. ಆಮೇಲೆ ಅವರಲ್ಲಿ ಹಿರಿಯರೊಬ್ಬರು "ಯಾಕಮ್ಮಾ ಇಲ್ಲಿ? ಸ್ಟೇಷನ್ ಮುಂದೆ ತಂದು ನಿಲ್ಸು, ಬೆಳಗ್ಗೆ ಎದ್ದು ಹೋಗು" ಅಂದ್ರು. ಆವತ್ತಿನಷ್ಟು ಚೆನ್ನಾಗಿ ಯಾವ ರೆಸಾರ್ಟಲ್ಲೂ ನಿದ್ದೆ ಬಂದಿಲ್ಲ.

ಕಾಡಿನ ಕಡೆ ಹೋಗೋರಿಗೆ ಒಂದು ಮಾತು. ಬಂಡೀಪುರದ ಒಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಕಾಡಂಚಲ್ಲಿ ರಾತ್ರಿ ನಾಯಿನ ಗಾಡಿ ಹೊರಗೆ ಕಟ್ಟಲೇಬೇಡಿ. ಚಿರತೆಗೆ ನಾಯಿ ಅಂದ್ರೆ ಊಟ. ಕಾಡೇ ಬೇಕಂತಿಲ್ಲ, ಕಬ್ಬಿನ ಗದ್ದೆ, ಕಲ್ಲುಗುಡ್ಡದ ಪಕ್ಕ ಇದ್ರೂ ಸಾಕು. ನಮ್ಮ ತಿಪಟೂರು ಕಡೆ ಕೇಳಿ ನೋಡಿ, ಪ್ರತಿ ಊರಲ್ಲೂ ಒಂದು ಕಥೆ ಇರುತ್ತೆ.

ಮಲೆನಾಡಲ್ಲಿ ಉಣ್ಣೆ ಕಾಟ. ಮಂಗನ ಕಾಯಿಲೆ ಕೇಳಿರ್ತೀರಾ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಗಿದ್ದು. ಹರಡೋದು ಉಣ್ಣೆಯಿಂದ, ಬೇಸಿಗೆ ಮುಗಿಯೋವರೆಗೂ ಅದರ ಕಾಲ. ಕಾಡಲ್ಲಿ ಸುತ್ತಿ ಬಂದ ನಾಯಿ ಮೈಮೇಲೆ ಉಣ್ಣೆ ಹತ್ತಿಸ್ಕೊಂಡು ಬಂದು ನಿಮ್ಮ ಹಾಸಿಗೆ ಮೇಲೇ ಮಲಗುತ್ತೆ. ಹಾಗಾಗಿ ಆ ತಿಂಗಳುಗಳಲ್ಲಿ ನಾವು ಆ ಕಾಡುಗಳಿಗೆ ಹೋಗಲ್ಲ. ಬೇರೆ ಸಮಯದಲ್ಲೂ ದಿನಾ ಸಂಜೆ ಕಿವಿ ಒಳಗೆ, ಬೆರಳ ಸಂದಿ, ಕುತ್ತಿಗೆ ಪಟ್ಟಿ ಕೆಳಗೆ ಹುಡುಕೋದೇ ನಮ್ಮ ಸಂಧ್ಯಾವಂದನೆ.

ವ್ಯಾನ್ ಒಳಗೆ ಬೆಂಕಿ ಬೇಡ. ಸ್ಟವ್ ಬೇಡ, ಸೊಳ್ಳೆ ಬತ್ತಿನೂ ಬೇಡ. ಇಂಜಿನ್ ಆನ್ ಇಟ್ಟು ಮಲಗೋದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಕ್ಕುಲಿ ಮೂಗಿಗೂ ಅದು ಸಿಗಲ್ಲ. ಎದುರುಬದುರು ಎರಡು ಕಿಟಕಿ ಎರಡೆರಡು ಇಂಚು ತೆರೆದು, ಬಲೆ ಹಾಕಿ ಮಲಗಿ.

ಯುಗಾದಿ ದಿನ

ಈಗ ನಿಜವಾದ ಶತ್ರು ವಿಷಯ. ಬಿಸಿಲು.

ಹಂಪಿ ಕಡೆ ಹೊರಟಿದ್ವಿ, ಯುಗಾದಿ ಹಬ್ಬದ ದಿನ. ಬೆಳಗ್ಗೆ 5ಕ್ಕೇ ಬೆಂಗಳೂರು ಬಿಟ್ಟು, ಬಿಸಿಲೇರೋ ಮುಂಚೆ ಹೊಸಪೇಟೆ ಸೇರೋ ಪ್ಲ್ಯಾನು. ಕೇಬಲ್ಲು, ಬ್ರೇಕು ಎಲ್ಲಾ ಹಿಂದಿನ ವಾರವೇ ತೋರಿಸಿದ್ದೆ. ಹಿರಿಯೂರು ದಾಟಿದ ಮೇಲೆ ಕ್ಲಚ್ ಕೇಬಲ್ ಕಟ್ಟಾಯ್ತು. ಹಬ್ಬ, ಅಂಗಡಿ ಎಲ್ಲಾ ಬಾಗಿಲು. ಒಂದು ಢಾಬಾ ಮುಂದೆ ತಳ್ಳಿ ನಿಲ್ಲಿಸಿದ್ವಿ. ಮೆಕ್ಯಾನಿಕ್ ಸಿಕ್ಕಿದ್ರು, ಆದರೆ ಯಾರ ಮನೆಗೋ ಹೋಗಿ ಕೇಬಲ್ ಹುಡುಕಿ ತರೋಕೆ ಮಧ್ಯಾಹ್ನ ಆಗುತ್ತೆ ಅಂದ್ರು.

ವ್ಯಾನಲ್ಲಿ ಒಂದು ಥರ್ಮಾಮೀಟರ್ ನೇತು ಹಾಕಿದ್ದೀನಿ. ಹನ್ನೊಂದೂವರೆಗೆ ಅದರಲ್ಲಿ 44 ಡಿಗ್ರಿ. ಚಕ್ಕುಲಿನ ಅಷ್ಟೊತ್ತಿಗಾಗಲೇ ಇಳಿಸಿ ಢಾಬಾ ಹಿಂದಿನ ಬೇವಿನ ಮರದ ಕೆಳಗೆ ಕೂರಿಸಿದ್ದೆ. ನೆರಳಲ್ಲೂ ಕಾದ ಗಾಳಿ. ಹನ್ನೆರಡರ ಹೊತ್ತಿಗೆ ಅವಳ ಏದುಸಿರು ನಿಲ್ಲಲೇ ಇಲ್ಲ. ಜೊಲ್ಲು ಅಂಟಂಟಾಗಿ ಬರ್ತಿತ್ತು, ವಸಡು ಕೆಂಪಗೆ. ಎದ್ದು ನಿಂತಾಗ ಹಿಂಗಾಲು ತೂರಾಡಿತು.

ನಾಯಿಗೆ ನಮ್ಮ ಥರ ಮೈಯೆಲ್ಲಾ ಬೆವರಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತೆ, ಉಳಿದದ್ದೆಲ್ಲಾ ಏದುಸಿರಲ್ಲೇ ಹೋಗಬೇಕು. ಸುತ್ತಲಿನ ಗಾಳಿಯೇ ಕಾದಿದ್ರೆ ಆ ಏದುಸಿರೂ ಕೆಲಸ ಮಾಡಲ್ಲ. ಅದರ ಸಹಜ ಉಷ್ಣ 38ರಿಂದ 39 ಡಿಗ್ರಿ ಆಸುಪಾಸು. 41 ದಾಟಿದ್ರೆ ಒಳಗಿನ ಅಂಗಾಂಗ ಹಾಳಾಗೋಕೆ ಶುರು.

ಫೋನಲ್ಲಿ ನಮ್ಮ ಡಾಕ್ಟ್ರು ಸಿಕ್ಕಿದ್ರು. ಅವರು ಹೇಳಿದ್ದನ್ನ ಹಾಗೇ ಹೇಳ್ತೀನಿ, ನೆನಪಿಟ್ಕೊಳ್ಳಿ. ಮೊದಲು ನೀರು ಸುರಿದು ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆ ಕಡೆ ಓಡಿ. ಐಸ್ ಹುಡುಕ್ತಾ ಕೂರಬೇಡಿ, ಇರೋ ತಂಪು ನೀರೇ ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ಹಾಕ್ತಾ ಇರಿ, ಗಾಳಿ ಬೀಸಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತೆ. ಬಾಯಿಗೆ ಬಲವಂತವಾಗಿ ನೀರು ಹುಯ್ಯಬೇಡಿ.

ಢಾಬಾದವರು ಬೋರ್‌ವೆಲ್ ಪೈಪನ್ನೇ ಎಳೆದು ತಂದ್ರು. ಒಬ್ಬ ಲಾರಿ ಕ್ಲೀನರ್ ಹುಡುಗ, ಹದಿನೆಂಟು ಹತ್ತೊಂಬತ್ತು ವರ್ಷ ಇರಬಹುದು, ರಟ್ಟಿನ ಡಬ್ಬ ಹರಿದು ನಲವತ್ತು ನಿಮಿಷ ಬೀಸಿದ. "ಅಕ್ಕಾ, ಬಾಲ ಅಲ್ಲಾಡಿಸ್ತೈತೆ ನೋಡ್ರಿ" ಅಂತ ಮೊದಲು ನೋಡಿದ್ದೂ ಅವನೇ. ಮಾರನೇ ದಿನ ರಕ್ತ ಪರೀಕ್ಷೆ ಮಾಡಿಸಿದ್ವಿ, ಕಿಡ್ನಿ ಸರಿ ಇತ್ತು. ಹಂಪಿಗೆ ಹೋಗಲಿಲ್ಲ. ಕೇಬಲ್ ಹಾಕಿಸಿ, ಸೂರ್ಯ ಮುಳುಗಿದ ಮೇಲೆ ವಾಪಸ್ ಬಂದ್ವಿ.

ಗಾಡಿ ಒಳಗಿನ ಶಾಖ ಬಹಳ ಬೇಗ ಏರುತ್ತೆ. ನಿಂತ ಗಾಡಿಯಲ್ಲಿ ಒಂದು ಗಂಟೆಗೆ 20 ಡಿಗ್ರಿ ಮೇಲೆ ಏರಬಹುದು, ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿದ್ರೆ ಏನೂ ಹೆಚ್ಚು ಕಮ್ಮಿ ಆಗಲ್ಲ. "ಐದೇ ನಿಮಿಷ, ತಿಂಡಿ ತಿಂದು ಬರ್ತೀನಿ" ಅನ್ನೋ ಮಾತು ನಾಯಿ ಇರೋ ಗಾಡಿಗೆ ಇಲ್ಲ.

ಈಗ ನಮ್ಮ ಕ್ಯಾಲೆಂಡರ್ ಹೀಗಿದೆ: ದೂರದ ಟ್ರಿಪ್ ನವೆಂಬರಿಂದ ಫೆಬ್ರವರಿವರೆಗೆ. ಮಾರ್ಚ್ ಮತ್ತು ಏಪ್ರಿಲ್ ಪೂರ್ತಿ ಮನೆ. ಮೇನಲ್ಲಿ ಮಳೆ ಬಿದ್ದ ಮೇಲೆ ನೋಡೋಣ.

ಆ ಹುಡುಗನಿಗೆ

ಈಗ ತಮ್ಮಾ, ನಿನ್ನ ಪ್ರಶ್ನೆಗೆ ಬರ್ತೀನಿ. ವ್ಯಾನ್ ಪ್ರವಾಸಕ್ಕೆ ಸರಿ, ಮನೆಗೆ ಬದಲಾಗಿ ಬೇಡ. ನನಗೆ ಹಿರಿಯೂರಿಂದ ವಾಪಸ್ ಬರೋಕೆ ಒಂದು ಮನೆ ಇತ್ತು. ಮಾರ್ಚಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀನು ಮೀಟಿಂಗಲ್ಲಿದ್ದಾಗ ನಿನ್ನ ನಾಯಿ ಎಲ್ಲಿರುತ್ತೆ? ಇದಕ್ಕೆ ನಿನ್ನ ಹತ್ರ ಉತ್ತರ ಇಲ್ಲ ಅಂದ್ರೆ ಪ್ಲ್ಯಾನ್ ಅಲ್ಲಿಗೇ ಮುಗೀತು. ನಿನಗೆ ಜ್ವರ ಬಂದ ದಿನ ಎಲ್ಲಿ ಮಲಗ್ತೀಯಾ? ಗಾಡಿ ಗ್ಯಾರೇಜಿಗೆ ಹೋದ ದಿನ ಇಬ್ಬರಿಗೂ ಸೂರೇ ಇರಲ್ಲ.

ಬದಲಿಗೆ ಇದನ್ನ ಮಾಡು. ಓನರ್ ಹತ್ರ ಜಗಳ ಬೇಡ, ಎರಡು ತಿಂಗಳು ಟೈಮ್ ಬರವಣಿಗೆಯಲ್ಲಿ ಕೇಳು. ಅಗ್ರಿಮೆಂಟಲ್ಲಿ ನಾಯಿ ಬಗ್ಗೆ ಏನಿದೆ ಅಂತ ಓದು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಾಕುಪ್ರಾಣಿ ನಿಷೇಧಿಸೋ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೆ ಅದು ಅಸೋಸಿಯೇಷನ್ ಮಾತು, ಬಾಡಿಗೆ ಕರಾರು ಬೇರೆ. ಹೊಸ ಮನೆ ನೋಡುವಾಗ ನಾಯಿ ವಿಷಯ ಮೊದಲ ಫೋನಲ್ಲೇ ಹೇಳು. ರೇಬೀಸ್ ಲಸಿಕೆ ಪುಸ್ತಕ ತೋರಿಸು, ಗೋಡೆ ಬಾಗಿಲು ಹಾಳಾದ್ರೆ ನಾನೇ ರಿಪೇರಿ ಮಾಡಿಸ್ತೀನಿ ಅಂತ ಅಗ್ರಿಮೆಂಟಲ್ಲೇ ಬರೆಸು. ಊರ ಹೊರಗಿನ ಒಂಟಿ ಮನೆಗಳಲ್ಲಿ ಒಪ್ಪೋರು ಸಿಗ್ತಾರೆ. ನನಗೆ ಹದಿನೇಳನೇ ಮನೆಯಲ್ಲಿ ಸಿಕ್ಕಿದ್ರು.

ಏನೂ ಆಗಲಿಲ್ಲ ಅಂದ್ರೆ ಊರಲ್ಲಿ ಅಪ್ಪ ಅಮ್ಮನ ಹತ್ರ ಒಂದೆರಡು ತಿಂಗಳು ಬಿಡು. ರಸ್ತೆಗೆ ಮಾತ್ರ ಬಿಡಬೇಡ. ಸಾಕಿದ ಪ್ರಾಣಿನ ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಬಿಟ್ಟುಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ನೀನು ಬಿಡೋನಲ್ಲ ಅಂತ ಗೊತ್ತು, ಬಿಡೋನಾಗಿದ್ರೆ ನನಗೆ ಬರೀತಾನೇ ಇರಲಿಲ್ಲ.

ಕೇಳ್ತಿರೋ ಎಲ್ಲರಿಗೂ ಒಂದು ಮನವಿ. ಅವನಿಗೆ ಇನ್ನು ಹನ್ನೆರಡು ದಿನ ಟೈಮ್ ಇದೆ. ವೈಟ್‌ಫೀಲ್ಡ್, ಹೊಸಕೋಟೆ ಕಡೆ ನಾಯಿ ಇದ್ರೂ ಪರವಾಗಿಲ್ಲ ಅನ್ನೋ ಮನೆ ಗೊತ್ತಿದ್ರೆ ನನಗೆ ಮೆಸೇಜ್ ಮಾಡಿ, ಅವನಿಗೆ ತಲುಪಿಸ್ತೀನಿ. ಬಾಡಿಗೆ ಹದಿನಾಲ್ಕು ಸಾವಿರದ ಒಳಗೆ ಇರಲಿ. ನಾಯಿ ಹೆಣ್ಣು, ಆಪರೇಷನ್ ಆಗಿದೆ, ಲಸಿಕೆ ಎಲ್ಲಾ ಆಗಿದೆ, ರಾತ್ರಿ ಬೊಗಳಲ್ವಂತೆ. ಅದೊಂದು ಮಾತು ಮಾತ್ರ ನಾನು ಪೂರ್ತಿ ನಂಬಲ್ಲ.

ಮುಂದಿನ ವಾರ ಬಾಡಿಗೆ ಅಗ್ರಿಮೆಂಟನ್ನೇ ಸಾಲು ಸಾಲಾಗಿ ಓದೋಣ. ಅಲ್ಲಿವರೆಗೂ ಹುಷಾರು. ನೀರಿನ ಬಟ್ಟಲು ತುಂಬಿಡಿ, ನಿಮ್ಮ ಮನೆಯದಕ್ಕೂ, ಬೀದಿಯದಕ್ಕೂ. ಸಿಗೋಣ.