ಶಾಲೆಯ ಗೇಟಿನಿಂದ 50 ಮೀಟರ್

ಮಕ್ಕಳ ಬೊಜ್ಜಿನ ಮಾತು ಬಂದಾಗಲೆಲ್ಲ ವೈದ್ಯಮಿತ್ರರೊಬ್ಬರಿಗೂ ನನಗೂ ಜಗಳ. 'ಮನೆಯಲ್ಲಿ ಶಿಸ್ತಿಲ್ಲ, ಕೇಳಿದ್ದೆಲ್ಲ ಕೊಡಿಸ್ತಾರೆ' ಎನ್ನುವುದು ಅವರ ವಾದ. ಹೊಸ್ತಿಲಾಚೆ ನೋಡಿ ಸ್ವಾಮಿ, ಬೀದಿ ಏನು ಕೊಡುತ್ತಿದೆ, ಏನು ಕಿತ್ತುಕೊಂಡಿದೆ ಎನ್ನುವುದು ನನ್ನದು.

ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಾಗಲೀ ಗೇಟಿನಿಂದ 50 ಮೀಟರ್ ಒಳಗಾಗಲೀ ಮಕ್ಕಳಿಗೆ ಮಾರುವಂತಿಲ್ಲ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿತು. ಒಳ್ಳೆಯದೇ. ಆದರೆ 50 ಮೀಟರ್ ಎಂದರೆ ಮಗುವಿನ ನಡಿಗೆಯಲ್ಲಿ ಒಂದು ನಿಮಿಷ. ಆಮೇಲೆ ಮನೆಯವರೆಗೂ ಅಂಗಡಿ ಅಂಗಡಿಯಲ್ಲಿ ಮಾಲೆಯಂತೆ ತೂಗುವ ಚಿಪ್ಸ್ ಪೊಟ್ಟಣಗಳು, ಐದು ರೂಪಾಯಿಗೊಂದು, ಹತ್ತು ರೂಪಾಯಿಗೊಂದು.

ನಮ್ಮ ಡ್ರಿಲ್ ಮೇಷ್ಟ್ರು ನಾಲ್ಕೂವರೆಗೆ ಸೀಟಿ ಊದಿ, 'ದೀಪ ಹಚ್ಚೋ ಹೊತ್ತಿಗೆ ಮುಂಚೆ ಮನೆಗೆ ಹೋದೋನು ನಾಳೆ ಎರಡು ಸುತ್ತು ಓಡಬೇಕು' ಎನ್ನುತ್ತಿದ್ದರು. ಅವರು ಆರೋಗ್ಯದ ಪಾಠ ಹೇಳಿದ ನೆನಪೇ ಇಲ್ಲ. ಬಯಲಿತ್ತು, ಲಗೋರಿಗೆ ಹೆಂಚಿನ ಚೂರುಗಳಿದ್ದವು. ಉದ್ಯಾನ, ಆಟದ ಬಯಲುಗಳನ್ನು ಉಳಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1985ರಲ್ಲಿ. ನಮ್ಮ ಬಡಾವಣೆಯ ಉದ್ಯಾನವೇನೋ ಉಳಿದಿದೆ. ಬಾಗಿಲಲ್ಲೇ ಫಲಕ: 'ಚೆಂಡಾಟ ನಿಷೇಧಿಸಿದೆ'. ಒಳಗಿನ ಕಾಲುಹಾದಿಯಲ್ಲಿ ನನ್ನ ವಯಸ್ಸಿನವರೇ ಸುತ್ತುತ್ತೇವೆ.

ಮಿತ್ರರು ಪುರಾವೆ ಕೇಳುತ್ತಾರೆ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಬಡ ಕೇರಿಗಳ ಸುಮಾರು 4,500 ಕುಟುಂಬಗಳ ನಡುವೆ ಲಾಟರಿ ಎತ್ತಿದರು. ಒಂದು ಗುಂಪಿಗೆ, ಬಡತನ ಕಡಿಮೆಯಿರುವ ಕಡೆ ಮನೆ ಹಿಡಿಯಲು ಬಾಡಿಗೆಯ ನೆರವು ಸಿಕ್ಕಿತು. ಹತ್ತು ಹದಿನೈದು ವರ್ಷ ಕಳೆದ ಮೇಲೆ ಅಳೆದು ನೋಡಿದರೆ, ಆ ಅವಕಾಶ ಪಡೆದ ಹೆಂಗಸರಲ್ಲಿ ಅತಿಬೊಜ್ಜೂ ಮಧುಮೇಹವೂ ಉಳಿದವರಿಗಿಂತ ಕಡಿಮೆಯಿತ್ತು. 2011ರಲ್ಲಿ ಅದು ಪ್ರಕಟವಾಯಿತು. ವಾಸದ ಜಾಗ ಮೈಯೊಳಗೆ ಇಳಿಯುತ್ತದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ನನ್ನ ಕೈಯಲ್ಲಿಲ್ಲ. ಆದರೆ ಆ ಲೆಕ್ಕ ತಾಯಂದಿರದು. ಮಕ್ಕಳದು ಎಂದು ನಾನು ವಾದಿಸಿದರೆ ತಪ್ಪಾಗುತ್ತದೆ.

ಕೇರಿ ಬದಲಿಸುವುದೇ ಮದ್ದಾದರೆ, ಎಲ್ಲಿಗೂ ಹೋಗಲಾರದ ಮನೆಗಳ ಮಕ್ಕಳ ಗತಿಯೇನು? ಅಂಗಡಿ ಎತ್ತಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಆ ಪೆಟ್ಟಿಗೆ ಅಂಗಡಿಯೇ ಒಂದು ಸಂಸಾರದ ಅನ್ನ. ಹಾಗಾದರೆ ಮಿತ್ರರ ಮಾತಿನಲ್ಲೂ ಒಂದು ಪಾಲು ನಿಜವಿದೆಯೇ? ಈ ಜಗಳ ನನ್ನೊಳಗೇ ಮುಗಿದಿಲ್ಲ.

ಸಭೆಯಲ್ಲಿ ಬಡಾವಣೆ ಸಂಘಗಳ ಹಿರಿಯರಿದ್ದೀರಿ. ನಾಲ್ಕೂವರೆಯಿಂದ ದೀಪ ಹಚ್ಚುವ ಹೊತ್ತಿನವರೆಗಾದರೂ ಆ ಫಲಕ ಕೆಳಗಿಳಿಸಿ, ಮಕ್ಕಳನ್ನು ಒಳಗೆ ಬಿಡಿ.