ಕೊಟ್ಟ ಹಣ, ತುಂಬಿದ ತಟ್ಟೆ

ಅಮೆರಿಕದ ಎಷ್ಟೋ ಸಣ್ಣ ಊರುಗಳಲ್ಲಿ ಚೀನೀ ಬಫೆ ಹೋಟೆಲುಗಳಿವೆ. ಒಮ್ಮೆ ಹಣ ಕೊಟ್ಟರೆ ಸಾಕು, ಎಷ್ಟು ಬೇಕಾದರೂ ಉಣ್ಣಬಹುದು. ಬಿಸಿನೀರಿನ ಮೇಲೆ ಕೂರಿಸಿದ ಟ್ರೇಗಳಲ್ಲಿ ಫ್ರೈಡ್ ರೈಸ್, ನೂಡಲ್ಸ್, ಸೀಗಡಿ ಹಬೆಯಾಡುತ್ತಿರುತ್ತವೆ. ಹಣ ವಸೂಲಾಗಲೇಬೇಕೆಂದು ಹಟ ಹಿಡಿದವರಿಗೆ ಎರಡನೆಯ ತಟ್ಟೆಯ ಹೊತ್ತಿಗೆ ರುಚಿಯೇ ತಿಳಿಯುವುದಿಲ್ಲ.

ಅಲ್ಲಿ ಜನ ಮುಗಿಬೀಳುವ ಜನರಲ್ ಸೋ ಚಿಕನ್ ಇದೆಯಲ್ಲ, ಹುನಾನ್ ಮೂಲದ ಬಾಣಸಿಗ ಪೆಂಗ್ ಚಾಂಗ್-ಕ್ವೇ ಅದನ್ನು 1950ರ ದಶಕದಲ್ಲಿ ತೈವಾನಿನಲ್ಲಿ ಮಾಡಿದಾಗ ಅದು ಸಿಹಿಯಾಗಿರಲಿಲ್ಲ. 1970ರ ದಶಕದಲ್ಲಿ ನ್ಯೂಯಾರ್ಕಿಗೆ ಬಂದ ಮೇಲೆ ಸಕ್ಕರೆ ಸೇರಿತು.

ಈ ಹೋಟೆಲುಗಳ ಬಗ್ಗೆ ನನಗೆ ಗೌರವವಿದೆ. ಮೂರ್ನಾಲ್ಕು ಮಕ್ಕಳ ಸಂಸಾರ ಇಲ್ಲಿ ಮೆನುವಿನ ಬೆಲೆ ನೋಡಿ ಅಳುಕಬೇಕಿಲ್ಲ. ಒಳಗೆ ಕಾಲಿಡುವಾಗಲೇ ಖರ್ಚು ಗೊತ್ತು. ಮಗು ಒಂದು ತುತ್ತು ತಿಂದು ಬೇಡವೆಂದರೆ ಇನ್ನೊಂದು ತಿನಿಸಿದೆ.

ಇಲ್ಲಿ ದುಡಿಯುವವರಲ್ಲಿ ಚೀನಾದ ಫುಜಿಯಾನ್ ಪ್ರಾಂತ್ಯದಿಂದ ಬಂದವರು ಬಹಳ. ಟ್ರೇ ಬರಿದಾಗುವ ಮುಂಚೆಯೇ ತುಂಬಿದ್ದನ್ನು ತಂದಿಟ್ಟು, ಅಂಚಿಗೆ ಚೆಲ್ಲಿದ ಸಾಸನ್ನು ಬಟ್ಟೆಯಿಂದ ಒರೆಸಿ ಒಳಗೆ ಹೋಗುತ್ತಾರೆ. ನಾವೇ ಬಡಿಸಿಕೊಂಡೆವಲ್ಲ ಎಂದು ಟಿಪ್ಸ್ ಇಡದೆ ಎದ್ದು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎಂಜಲು ತಟ್ಟೆ ಎತ್ತುವವರಿಗೆ ಅದು ಸಲ್ಲಬೇಕಾದ ಹಣ.